ಏವನ್ ಕಮರಿಯ ಎರಡು ಹಸಿರು

ಬ್ರಿಸ್ಟಲ್ ನಗರದ ಪಶ್ಚಿಮದ ಅಂಚಿಗೆ ಬಂದರೆ ನೆಲ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಕಾಲ ಬುಡದಲ್ಲೇ ಏವನ್ ಕಮರಿ. ಎರಡೂ ಬದಿಗೆ ಬೂದುಬಣ್ಣದ ಸುಣ್ಣಕಲ್ಲಿನ ನೆಟ್ಟಗಿನ ಗೋಡೆಗಳು, ತಳದಲ್ಲಿ ಕಂದು ನೀರಿನ ಏವನ್ ನದಿ. ಈ ಬಂಡೆಯಿಂದ ಆ ಬಂಡೆಗೆ, ನೀರಿನಿಂದ ಸುಮಾರು 75 ಮೀಟರ್ ಎತ್ತರದಲ್ಲಿ, ಕಬ್ಬಿಣದ ಸರಪಳಿಗಳಲ್ಲಿ ತೂಗುತ್ತಿರುವ ಕ್ಲಿಫ್ಟನ್ ಸೇತುವೆ. ಇದರ ನಕ್ಷೆ ಬರೆದ ಬ್ರೂನೆಲ್ 1859ರಲ್ಲೇ ತೀರಿಕೊಂಡ. ಸೇತುವೆ ಜನರಿಗೆ ತೆರೆದದ್ದು 1864ರ ಡಿಸೆಂಬರಿನಲ್ಲಿ. ನದಿಯಂತೂ ಗಳಿಗೆಗೊಂದು ರೂಪ ತಾಳುತ್ತದೆ. ಬೆಳಗ್ಗೆ ಇಣುಕಿದರೆ ಹೊಳೆಯುವ ಕೆಸರಿನ ಇಳಿಜಾರು, ನಡುವೆ ಸಣ್ಣಗೆ ಹರಿಯುವ ನೀರು. ಊಟ ಮುಗಿಸಿ ಬಂದರೆ ದಡದಿಂದ ದಡಕ್ಕೆ ತುಂಬು ಹೊಳೆ. ಏವನ್ ಸೇರುವ ಸೆವರ್ನ್ ಅಳಿವೆಯಲ್ಲಿ ಉಬ್ಬರಕ್ಕೂ ಇಳಿತಕ್ಕೂ 14 ಮೀಟರಿನವರೆಗೆ ಅಂತರ ಬೀಳುತ್ತದಂತೆ. ಜಗತ್ತಿನಲ್ಲೇ ಇಂಥ ಜಾಗಗಳು ಬೆರಳೆಣಿಕೆಯಷ್ಟು.

ಇಷ್ಟೆಲ್ಲ ವೈಭವದ ನಡುವೆ ನಾನು ನೋಡಲು ಹೊರಟದ್ದು ಮಾತ್ರ ಯಾರೂ ತಿರುಗಿ ನೋಡದ ಒಂದು ಬಳ್ಳಿಯನ್ನು. ಹೆಸರು ಐವಿ. ಇಂಗ್ಲೆಂಡಿನಲ್ಲಿ ಅದು ಇಲ್ಲದ ಜಾಗವಿಲ್ಲ. ಹಳೆಯ ಗೋಡೆ, ರೈಲುಹಳಿಯ ದಂಡೆ, ಇಗರ್ಜಿಯ ಗೋಪುರ, ಓಕ್ ಮರದ ಕಾಂಡ, ಮರದಡಿಯ ನೆಲ, ಎಲ್ಲೆಲ್ಲೂ ಅದೇ ಕಡು ಹಸಿರು. ಚಳಿಗಾಲದಲ್ಲಿ ಉಳಿದ ಮರಗಳೆಲ್ಲ ಬೋಳಾಗಿ ನಿಂತಾಗಲೂ ಹಸಿರು ಬಿಡದ ಬಳ್ಳಿ. ಅಲ್ಲಿನವರಿಗೆ ಅದು ಎಷ್ಟು ಪರಿಚಿತವೆಂದರೆ, ಅದು ಒಂದೇ ಜಾತಿಯೋ ಎರಡೋ ಎಂಬ ಪ್ರಶ್ನೆಯೇ ಬಹುಮಂದಿಗೆ ಹುಟ್ಟುವುದಿಲ್ಲ.

ಆದರೆ ಅದು ಎರಡು. ಕಮರಿಯ ಈ ಅಂಚಿನಲ್ಲಿ ನಿಂತರೆ ಎರಡೂ ಒಂದೇ ನಡಿಗೆಯಲ್ಲಿ ಸಿಗುತ್ತವೆ. ಅವನ್ನು ಬೇರ್ಪಡಿಸಿ ಗುರುತಿಸುವುದು ಹೇಗೆಂದು ಕಲಿಯಬೇಕೆಂಬ ಹಟ ನನ್ನದು. ಜೊತೆಗಿದ್ದವಳು ಬ್ರಿಸ್ಟಲ್‌ನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು. ಅವಳಿಗೆ ಗಿಡಗಳ ಹುಚ್ಚಿಲ್ಲ. ಆದರೂ ಜೂನ್ ತಿಂಗಳ ಬಿಸಿಲಿಗೆ ಮನೆಯಿಂದ ಹೊರಬೀಳಲು ಅವಳಿಗೊಂದು ನೆಪ ಬೇಕಿತ್ತು.

"ಚಿಕ್ಕಿ, ಐವಿ ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ನಮ್ಮ ಹಾಸ್ಟೆಲ್ ಗೋಡೆ ತುಂಬ ಅದೇ ಇದೆ."

"ಆ ಗೋಡೆಯಲ್ಲಿರೋದು ಐವಿಯೇ ಹೌದೋ ಅಲ್ಲವೋ, ಮೊದಲು ಅದನ್ನ ನೋಡಬೇಕು ಕಣೇ."

ಹಾಗೆ ಅಂದದ್ದು ತಮಾಷೆಗಲ್ಲ. ಐವಿ ಎಂಬ ಹೆಸರನ್ನು ಎಷ್ಟೋ ಗಿಡಗಳು ಎರವಲು ಪಡೆದಿವೆ. ಶರತ್ಕಾಲದಲ್ಲಿ ಕೆಂಪು ಕೆಂಪಾಗಿ ಎಲೆ ಉದುರಿಸುವ ಬಾಸ್ಟನ್ ಐವಿ ದ್ರಾಕ್ಷಿಯ ಕುಟುಂಬದ್ದು. ಚೀನಾ, ಜಪಾನ್, ಕೊರಿಯಾಗಳಿಂದ ಬಂದ ಅದು ಕುಡಿಗಳ ತುದಿಯ ಪುಟ್ಟ ಬಿಲ್ಲೆಗಳಿಂದ ಗೋಡೆಗೆ ಅಂಟಿಕೊಳ್ಳುತ್ತದೆ. ಅಮೆರಿಕದ ಪಾಯ್ಸನ್ ಐವಿ ಮಾವು ಮತ್ತು ಗೇರಿನ ಕುಟುಂಬದ್ದು. ಅದು ಮೈಗೆ ತಗುಲಿದರೆ ಏಳುವ ಗುಳ್ಳೆಗಳಿಗೂ ಮಾವಿನ ಸೊನೆ ಸಿಡಿದಾಗಿನ ಉರಿಗೂ ರಸಾಯನದ ನಂಟಿದೆ. ನೆಲದಲ್ಲಿ ಹರಡುವ ಗ್ರೌಂಡ್ ಐವಿ ತುಳಸಿ, ಪುದೀನಗಳ ಬಳಗದ್ದು. ನಮ್ಮ ತೊಂಡೆಕಾಯಿಯ ಬಳ್ಳಿಗೂ ಇಂಗ್ಲಿಷಿನವರು ಇದೇ ಹೆಸರು ಅಂಟಿಸಿದ್ದಾರೆ. ಇವೆಲ್ಲ ಬದಿಗಿಟ್ಟ ಮೇಲೆ ಉಳಿಯುವ ನಿಜವಾದ ಐವಿ ಹೆಡೆರಾ ಎಂಬ ಕುಲದ್ದು. ಬೆಂಗಳೂರಿನ ಮನೆಗಳ ವರಾಂಡದಲ್ಲಿ ಕುಂಡದಲ್ಲಿ ಬೆಳೆಸುವ ಶೆಫ್ಲೆರಾ ಅದರ ಹತ್ತಿರದ ಸಂಬಂಧಿ. ನಮ್ಮ ಪಶ್ಚಿಮಘಟ್ಟದಲ್ಲಿ ಹೆಡೆರಾ ತಾನಾಗಿ ಬೆಳೆಯುವುದಿಲ್ಲ, ಅದರ ದಾಯಾದಿಗಳು ಮಾತ್ರ ಇವೆ.

ಬ್ರಿಟನ್ನಿನ ಕಾಡುಗಳಲ್ಲಿರುವ ಎರಡರಲ್ಲಿ ಒಂದು ಹೆಡೆರಾ ಹೀಲಿಕ್ಸ್, ಸಾಮಾನ್ಯ ಐವಿ. 1753ರಲ್ಲಿ ಲಿನೇಯಸ್ ಹೆಸರಿಟ್ಟದ್ದು ಇದಕ್ಕೆ. ಇನ್ನೊಂದು ಹೆಡೆರಾ ಹಿಬರ್ನಿಕಾ. ಐರಿಷ್ ಐವಿ ಎಂದೂ ಅಟ್ಲಾಂಟಿಕ್ ಐವಿ ಎಂದೂ ಕರೆಯುತ್ತಾರೆ. ಇದನ್ನು ಹೀಲಿಕ್ಸ್‌ನ ಒಂದು ಬಗೆಯೆಂದು ಜರ್ಮನಿಯ ಕಿರ್ಕ್ನರ್ ಹೆಸರಿಸಿದ್ದು 1864ರಲ್ಲಿ, ನಾವು ದಾಟುತ್ತಿದ್ದ ಸೇತುವೆ ತೆರೆದ ವರ್ಷವೇ. ಆಮೇಲೂ ಇದನ್ನು ಸ್ವತಂತ್ರ ಜಾತಿ ಎನ್ನಬೇಕೋ ಉಪಜಾತಿ ಎನ್ನಬೇಕೋ ಎಂಬ ಚರ್ಚೆ ನಡೆದೇ ಇತ್ತು. ಈಗಲೂ ಕೆಲವು ಸಸ್ಯಗ್ರಂಥಗಳಲ್ಲಿ ಉಪಜಾತಿ, ಕೆಲವುಗಳಲ್ಲಿ ಜಾತಿ. ಆದರೆ ಎರಡೂ ಬೇರೆ ಬೇರೆ ಎಂಬುದರಲ್ಲಿ ಅನುಮಾನ ಉಳಿದಿಲ್ಲ. ಹೀಲಿಕ್ಸ್‌ನ ಜೀವಕೋಶದಲ್ಲಿ 48 ವರ್ಣತಂತುಗಳು. ಹಿಬರ್ನಿಕಾದಲ್ಲಿ ಸರಿಯಾಗಿ ಅದರ ಎರಡರಷ್ಟು, 96.

ಸೇತುವೆ ದಾಟಿದ ಮೇಲೆ ಲೀ ವುಡ್ಸ್ ಎಂಬ ಕಾಡು. ಅದರ ಇಳಿಜಾರಿನ ದಾರಿಯಲ್ಲಿ ಮೊದಲ ಪಾಠ ಶುರುವಾಯಿತು. ಪುಸ್ತಕದಲ್ಲಿ ಓದಿದ ಲೆಕ್ಕ ಹೀಗಿದೆ: ಹೀಲಿಕ್ಸ್‌ನ ಎಲೆ ಚಿಕ್ಕದು, ಬಹುಪಾಲು 8 ಸೆಂಟಿಮೀಟರಿಗಿಂತ ಕಡಿಮೆ ಅಗಲ. ಎಲೆಯ ಅಂಚು ಒಳಕ್ಕೆ ಅರ್ಧಕ್ಕಿಂತ ಹೆಚ್ಚು ಸೀಳಿರುತ್ತದೆ. ಬಣ್ಣ ಕಡು, ನರಗಳು ಬೆಳ್ಳಗೆ ಎದ್ದು ಕಾಣುತ್ತವೆ. ಹಿಬರ್ನಿಕಾದ ಎಲೆ ದೊಡ್ಡದು, ಎಷ್ಟೋ ಸಲ ಉದ್ದಕ್ಕಿಂತ ಅಗಲವೇ ಜಾಸ್ತಿ. ಸೀಳು ಅರ್ಧದವರೆಗೂ ಹೋಗುವುದಿಲ್ಲ. ನರಗಳು ಅಷ್ಟು ಬಿಳುಪಲ್ಲ. ಹಿಸುಕಿದರೆ ಸಿಹಿಯಾದ, ರಾಳದಂಥ ವಾಸನೆ. ಓದುವಾಗ ಎಲ್ಲ ಸಲೀಸು. ಕಾಡಿನೊಳಗೆ ಕಾಲಿಟ್ಟರೆ ಒಂದೇ ಬಳ್ಳಿಯಲ್ಲಿ ನೆರಳಿನ ಎಲೆ ಒಂದು ಥರ, ಬಿಸಿಲಿನ ಎಲೆ ಇನ್ನೊಂದು ಥರ. ಬುಡದಲ್ಲಿ ಆಳವಾದ ಸೀಳು, ಎರಡಾಳು ಎತ್ತರದಲ್ಲಿ ಸೀಳೇ ಇಲ್ಲ.

"ಇದಕ್ಕಿಂತ ನಮ್ಮ ಊರಿನ ಬಳ್ಳಿಗಳೇ ವಾಸಿ. ಒಂದು ಬಳ್ಳಿ, ಒಂದು ಎಲೆ" ಎಂದಳು ಅಕ್ಕನ ಮಗಳು.

ನಾನು ಅವಳಿಗೆ ಅವಳ ಅಜ್ಜನ ಮನೆಯ ಮೆಣಸಿನ ಬಳ್ಳಿಯನ್ನೇ ನೆನಪಿಸಿದೆ. ತೀರ್ಥಹಳ್ಳಿ ಕಡೆಯ ಯಾವ ಅಡಕೆ ತೋಟಕ್ಕೆ ಹೋದರೂ ಕಾಳುಮೆಣಸು ಎರಡು ಬಾಳು ಬಾಳುವುದು ಕಾಣುತ್ತದೆ. ಮರಕ್ಕೆ ಬೇರು ಕಚ್ಚಿಸಿ ಮೇಲೇರುವ ಬಳ್ಳಿ ಒಂದು. ಅದರಿಂದ ಪಕ್ಕಕ್ಕೆ ಚಾಚಿ, ಮರವನ್ನು ಮುಟ್ಟದೆ, ಕರೆ ಬಿಡುವ ಕವಲು ಇನ್ನೊಂದು. ಆ ಪಕ್ಕದ ಕವಲನ್ನೇ ತುಂಡರಿಸಿ ಕುಂಡದಲ್ಲಿ ಬೇರು ಬರಿಸಿದರೆ ಅದು ಎಂದೂ ಹಬ್ಬುವುದಿಲ್ಲ, ಪೊದೆಮೆಣಸಾಗಿಯೇ ಉಳಿಯುತ್ತದೆ. ಐವಿಯೂ ಅಷ್ಟೇ. ಎಳೆತನದಲ್ಲಿ ಅದು ತೆವಳುತ್ತದೆ, ಹತ್ತುತ್ತದೆ, ಕಾಂಡದುದ್ದಕ್ಕೂ ಸಣ್ಣ ಬೇರು ಬಿಟ್ಟು ಅಂಟಿಕೊಳ್ಳುತ್ತದೆ. ಸೀಳಿರುವ ಎಲೆ ಈ ವಯಸ್ಸಿನದು. ಮೇಲೇರಿ ಬೆಳಕು ಸಿಕ್ಕಿತೋ, ಸ್ವಭಾವವೇ ಬದಲು. ಬೇರು ಬಿಡುವುದು ನಿಲ್ಲುತ್ತದೆ, ಕೊಂಬೆಗಳು ಗೋಡೆಯಿಂದ ಹೊರಕ್ಕೆ ಚಾಚುತ್ತವೆ, ಎಲೆ ಸೀಳಿಲ್ಲದೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಹೂ ಬಿಡುತ್ತದೆ. ಅಲ್ಲಿಂದ ಕತ್ತರಿಸಿದ ಕಡ್ಡಿ ನೆಟ್ಟರೆ ಬಳ್ಳಿಯಾಗದೆ ಪೊದೆಯಾಗುತ್ತದೆ. ಯುರೋಪಿನ ತೋಟಗಾರರು ಅದನ್ನು ಟ್ರೀ ಐವಿ ಎಂದು ಮಾರುತ್ತಾರೆ. ಹೂ ಬಿಡುವ ವಯಸ್ಸಿನ ಎಲೆ ಎರಡೂ ಜಾತಿಯಲ್ಲಿ ಹೆಚ್ಚುಕಡಿಮೆ ಒಂದೇ. ಅದನ್ನು ನಂಬಿ ಹೆಸರು ಹೇಳುವಂತಿಲ್ಲ.

ಎಲೆಯ ಆಕಾರ ಕೈಕೊಟ್ಟಲ್ಲಿ ಕೈಹಿಡಿಯುವುದು ರೋಮ. ಇದನ್ನು ಗಟ್ಟಿಯಾಗಿ ಹೇಳಿದವರು ಹ್ಯೂ ಮೆಕ್‌ಅಲಿಸ್ಟರ್ ಮತ್ತು ಆಲಿಸನ್ ರುದರ್‌ಫರ್ಡ್. ಬ್ರಿಟನ್ ಮತ್ತು ಐರ್ಲೆಂಡಿನ ಐವಿಗಳ ಬಗ್ಗೆ ಅವರು 1990ರಲ್ಲಿ ಪ್ರಕಟಿಸಿದ ಬರಹ ಇಂದಿಗೂ ಈ ವಿಷಯದ ತಳಪಾಯ. ಐವಿಯ ಚಿಗುರಿಗೆ ಸಣ್ಣ ರೋಮಗಳಿರುತ್ತವೆ. ಒಂದೊಂದು ರೋಮವೂ ಒಂಟಿ ಎಳೆಯಲ್ಲ. ಒಂದೇ ಬುಡದಿಂದ ಹಲವು ಕಡ್ಡಿಗಳು ಹೊರಟ ನಕ್ಷತ್ರದಾಕಾರ. ಬಲಿತ ಎಲೆಯಲ್ಲಿ ಇವು ಉದುರಿಹೋಗಿರುತ್ತವೆ. ಹಾಗಾಗಿ ನೋಡಬೇಕಾದ್ದು ತೀರಾ ಎಳೆಯ ಎಲೆಯ ಅಡಿಭಾಗ, ಚಿಗುರಿನ ತುದಿ, ಎಳೆ ತೊಟ್ಟು. ಬರಿಗಣ್ಣಿಗೆ ಅಲ್ಲಿ ಒಂದಿಷ್ಟು ಮಾಸಲು ಹುಡಿ ಕಂಡರೆ ಕಂಡೀತು, ಅಷ್ಟೇ. ಹತ್ತು ಪಟ್ಟು ಹಿಗ್ಗಿಸುವ ಮಡಚು ಲೆನ್ಸ್ ಇದ್ದರೆ ಸಾಕು, ಇಪ್ಪತ್ತು ಪಟ್ಟಿನದಾದರೆ ಇನ್ನೂ ಅನುಕೂಲ.

ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು, ಚಿಗುರನ್ನೇ ಲೆನ್ಸಿನ ಹತ್ತಿರ ತರಬೇಕು. ಮೊದಲಿಗೆ ಬರೀ ಹಸಿರು ಮಸುಕು. ಒಂದು ನೂಲಿನಷ್ಟು ಹಿಂದೆ ಮುಂದೆ ಆಡಿಸುತ್ತಿದ್ದ ಹಾಗೆ ಅದು ತಟ್ಟನೆ ಸ್ಪಷ್ಟವಾಯಿತು. ತೊಟ್ಟಿನ ಮೇಲೆಲ್ಲ ನಕ್ಷತ್ರಗಳು! ಒಂದೊಂದರ ಕಡ್ಡಿಗಳೂ ತೊಟ್ಟಿನ ಮೈಗೆ ಅಪ್ಪಿಕೊಂಡು, ಒಂದೇ ಮಟ್ಟದಲ್ಲಿ ಸುತ್ತಲೂ ಚಾಚಿದ್ದವು. ನಡುವಿನ ಬೊಟ್ಟು ತುಸು ಕಂದು, ಕಡ್ಡಿಗಳು ಹಳದಿಗೆ ತಿರುಗಿದ ಬಿಳುಪು. ಮೇಲೆದ್ದು ನಿಂತ ಕಡ್ಡಿ ಒಂದೂ ಇಲ್ಲ. ಇದು ಹಿಬರ್ನಿಕಾ. ಹೀಲಿಕ್ಸ್ ಆಗಿದ್ದರೆ ರೋಮ ಅಪ್ಪಟ ಬಿಳಿ, ಕಡ್ಡಿಗಳು ಮೇಲೆ, ಓರೆ, ಅಡ್ಡ ಎಂದು ದಿಕ್ಕು ದಿಕ್ಕಿಗೆ ಎದ್ದು ನಿಲ್ಲಬೇಕು. ಎರಡು ಜಾತಿಯ ನಡುವಿನ ಗೆರೆ ಇಷ್ಟೇ: ರೋಮ ಮಲಗಿದೆಯೋ, ಎದ್ದಿದೆಯೋ.

ಲೆನ್ಸು ನನ್ನ ಕೈಯಿಂದ ಹೋಗಿ ಅಕ್ಕನ ಮಗಳ ಕಣ್ಣಿಗೆ ಅಂಟಿಕೊಂಡಿತು. ಸ್ವಲ್ಪ ಹೊತ್ತು ಅವಳ ಬಾಯಲ್ಲಿ ಮಾತಿಲ್ಲ. ಆಮೇಲೆ ಸಿಕ್ಕಸಿಕ್ಕ ಚಿಗುರನ್ನೆಲ್ಲ ಕಿತ್ತು ನೋಡತೊಡಗಿದಳು. "ರಸ ಕೈಗೆ ಹತ್ತಿಸಿಕೊಂಡು ಕಣ್ಣುಜ್ಜಬೇಡ" ಎಂದೆ. ಐವಿಯ ರಸದಲ್ಲಿ ಫಾಲ್ಕರಿನಾಲ್ ಎಂಬ ವಸ್ತುವಿದೆ, ಕೆಲವರ ಚರ್ಮಕ್ಕೆ ಅದು ಆಗಿಬರುವುದಿಲ್ಲ.

ದಾರಿ ಕಮರಿಯ ತಳಕ್ಕೆ ಇಳಿಯುತ್ತಿದ್ದ ಹಾಗೆ ಬಂಡೆಯ ಸಂದುಗಳಲ್ಲಿ ಬೆಳ್ಳಿಬಣ್ಣದ ಅಡಿಯೆಲೆಯ ಮರಗಳು ಕಾಣತೊಡಗಿದವು. ವೈಟ್‌ಬೀಮ್ ಎನ್ನುತ್ತಾರೆ. ಅವುಗಳಲ್ಲೊಂದು ಬ್ರಿಸ್ಟಲ್ ವೈಟ್‌ಬೀಮ್. ಈ ಕಮರಿ ಮತ್ತು ಇದರ ಆಸುಪಾಸು ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಅದು ಕಾಡಿನಲ್ಲಿ ಬೆಳೆಯುವುದಿಲ್ಲ. ನೋಡಲು ಒಂದೇ ಥರ ಕಾಣುವ, ಆದರೆ ವರ್ಣತಂತುಗಳ ಲೆಕ್ಕದಲ್ಲಿ ಬೇರೆಯಾದ ಮರಗಳ ಗುಂಪೇ ಇಲ್ಲಿದೆ. ಸೂಕ್ಷ್ಮ ವ್ಯತ್ಯಾಸಗಳನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಯಾವುದಿದ್ದೀತು!

ಅಲ್ಲೇ, ಐವಿ ಹಾಸಿದ್ದ ಬಂಡೆಯ ಬುಡದಲ್ಲಿ, ನೆಲದಿಂದ ನೇರವಾಗಿ ಎದ್ದ ಗೇಣುದ್ದದ ಕಡ್ಡಿಗಳು ಕಂಡವು. ಹಸಿರಿನ ಲವಲೇಶವೂ ಇಲ್ಲದ, ನೇರಳೆ ಮಿಶ್ರಿತ ಕಂದು ಕಾಂಡ. ಎಲೆಯ ಬದಲು ಒಣಗಿದ ಹೊಪ್ಪಳೆ. ಮೇಲ್ಭಾಗದಲ್ಲಿ ಕೆನೆಬಣ್ಣದ, ನೇರಳೆ ಗೆರೆಗಳ ಹೂಗಳು. ಮೊದಲ ನೋಟಕ್ಕೆ ಸತ್ತ ಗಿಡವೆಂದೇ ಅನಿಸುತ್ತದೆ. ಹತ್ತಿರ ಬಾಗಿದರೆ ಹೂವಿನ ತುಟಿಯ ಅಂಚು ನಿರಿಗೆ ನಿರಿಗೆಯಾಗಿ ಅರಳಿದೆ, ಪುಟ್ಟ ದುಂಬಿಯೊಂದು ಒಳಗೆ ನುಗ್ಗಿ ಹೊರಬರುತ್ತಿದೆ. ಇದು ಐವಿ ಬ್ರೂಮ್‌ರೇಪ್. ಪತ್ರಹರಿತ್ತೇ ಇಲ್ಲದ ಗಿಡ. ಊಟಕ್ಕೆ ನೆಲದಡಿಯಲ್ಲಿ ಐವಿಯ ಬೇರನ್ನು ಕಚ್ಚಿಕೊಂಡಿರುತ್ತದೆ. ನಿಪ್ಪಾಣಿ ಸೀಮೆಯ ತಂಬಾಕು ಬೆಳೆಗಾರರಿಗೆ ಇದರ ಬಳಗ ಚೆನ್ನಾಗಿ ಗೊತ್ತು. ಅಲ್ಲಿ ತಂಬಾಕಿನ ಬುಡದಲ್ಲಿ ಎದ್ದು ಬೆಳೆಯನ್ನು ಸೊರಗಿಸುವ ಪರಾವಲಂಬಿ ಕಳೆಯೂ ಇದೇ ಕುಲದ್ದು.

ನನ್ನನ್ನು ಬೆರಗಾಗಿಸಿದ್ದು ಅದರ ಬಣ್ಣಕ್ಕಿಂತ ಅದರ ಆಯ್ಕೆ. ಬ್ರಿಟನ್ನಿನ ಕಾಡುಗಳಲ್ಲಿ ಈ ಗಿಡ ಬಹುತೇಕ ಹಿಬರ್ನಿಕಾದ ಬೇರಿಗೇ ಬೀಳುತ್ತದೆ. ಸಾಮಾನ್ಯ ಐವಿ ದಂಡಿಯಾಗಿರುವ ಕಡೆ ಅಪರೂಪ. ಸಸ್ಯಶಾಸ್ತ್ರಜ್ಞರು ಎಲೆ ಅಳೆದು, ವರ್ಣತಂತು ಎಣಿಸಿ, ಜಾತಿಯೋ ಉಪಜಾತಿಯೋ ಎಂದು ವಾದ ಮಾಡುತ್ತಿದ್ದ ಕಾಲದಲ್ಲೂ ಧೂಳಿನ ಕಣದಷ್ಟಿರುವ ಇದರ ಬೀಜಕ್ಕೆ ಗೊಂದಲವಿರಲಿಲ್ಲ. ಕಣ್ಣಿಲ್ಲ, ಲೆನ್ಸಿಲ್ಲ, ಬೆಳಕೂ ಬೀಳದ ಮಣ್ಣಿನೊಳಗೆ ಬೇರಿನ ರಸಾಯನವನ್ನು ಗ್ರಹಿಸಿ ಅದು ಮೊಳೆಯುತ್ತದೆ. ನಾವು ತೀರಾ ಈಚೆಗೆ ಒಪ್ಪಿಕೊಂಡ ವ್ಯತ್ಯಾಸ ಅದಕ್ಕೆ ಹೊಟ್ಟೆಪಾಡಿನ ವಿಷಯ.

ಹಿಬರ್ನಿಕಾ ಪಶ್ಚಿಮದ ಬಳ್ಳಿ. ಐರ್ಲೆಂಡ್, ವೇಲ್ಸ್, ಇಂಗ್ಲೆಂಡಿನ ಪಶ್ಚಿಮ ಭಾಗ, ಫ್ರಾನ್ಸ್, ಸ್ಪೇನ್, ಪೋರ್ಚುಗಲ್‌ಗಳ ಅಟ್ಲಾಂಟಿಕ್ ಕರಾವಳಿ ಅದರ ಸೀಮೆ. ಸಾಗರದಿಂದ ಬೀಸುವ ತೇವದ ಗಾಳಿ, ಕಡುಚಳಿಯಿಲ್ಲದ ಚಳಿಗಾಲ ಅದಕ್ಕೆ ಒಗ್ಗಿದೆ. ಹೀಲಿಕ್ಸ್ ಅದಕ್ಕಿಂತ ಗಟ್ಟಿ, ಯುರೋಪಿನ ಒಳನಾಡಿನುದ್ದಕ್ಕೂ ಹಬ್ಬಿದೆ. ಆದರೂ ಅದರ ತಾಳ್ಮೆಗೊಂದು ಮಿತಿಯಿದೆ. ಡೆನ್ಮಾರ್ಕಿನ ಯೋಹಾನೆಸ್ ಐವರ್ಸನ್ 1944ರಲ್ಲಿ ಈ ಮಿತಿಯನ್ನು ಅಳೆದರು. ವರ್ಷದ ಅತಿ ತಂಪಿನ ತಿಂಗಳ ಸರಾಸರಿ ಉಷ್ಣತೆ ಸುಮಾರು ಮೈನಸ್ 1.5 ಡಿಗ್ರಿಗಿಂತ ಕೆಳಗಿಳಿದರೆ ಐವಿ ಏಗಲಾರದು. ಕೆರೆಯ ತಳದ ಹೂಳಿನಲ್ಲಿ ಸಾವಿರಾರು ವರ್ಷ ಹಿಂದಿನ ಐವಿ ಪರಾಗ ಸಿಕ್ಕಿತೆಂದರೆ ಅಂದಿನ ಚಳಿಗಾಲ ಹೇಗಿತ್ತೆಂದು ಊಹಿಸಬಹುದು. ಗೋಡೆ ಹತ್ತುವ ಬಳ್ಳಿಯೊಂದು ಉಷ್ಣಮಾಪಕದ ಕೆಲಸಕ್ಕೆ ಬಂದ ಬಗೆ ಇದು.

ಪಶ್ಚಿಮದ್ದನ್ನು ಅದರ ಸೀಮೆಯಲ್ಲಿ ನೋಡಿದ ಮೇಲೆ ಪೂರ್ವದ್ದನ್ನೂ ಅದರದೇ ಸೀಮೆಯಲ್ಲಿ ನೋಡದಿದ್ದರೆ ಸಮಾಧಾನವಿಲ್ಲ. ರೈಲು ಹಿಡಿದು ಕೇಂಬ್ರಿಜ್ ಕಡೆಗೆ ಹೋದೆವು. ದಾರಿಯುದ್ದಕ್ಕೂ ದೇಶ ಚಪ್ಪಟೆಯಾಗುತ್ತ ಹೋಯಿತು. ಗುಡ್ಡಗಳು ಕರಗಿ ಗೋಧಿಯ ಹೊಲಗಳಾದವು, ಆಕಾಶ ಅಗಲವಾಯಿತು, ಗಾಳಿ ಒಣಗಿತು. ಕಾಲೇಜುಗಳ ಪ್ರಸಿದ್ಧ ಗೋಡೆಗಳ ಮೇಲೆ ಪ್ರವಾಸಿಗರು ಐವಿ ಎಂದು ಫೋಟೊ ಹಿಡಿಯುತ್ತಿದ್ದ ಬಳ್ಳಿಯನ್ನು ಮುಟ್ಟಿ ನೋಡಿದರೆ ತೆಳ್ಳನೆಯ ಮೆತ್ತಗಿನ ಎಲೆ, ಕುಡಿಯ ತುದಿಯಲ್ಲಿ ಬಿಲ್ಲೆ. ಅಕ್ಕನ ಮಗಳೇ ಮೊದಲು ಹೇಳಿದಳು, "ಚಿಕ್ಕಿ, ಇದು ದ್ರಾಕ್ಷಿಯ ಕಡೆಯವರು!" ನಿಜವಾದದ್ದು ಸಿಕ್ಕಿದ್ದು ಪಟ್ಟಣದಾಚೆಯ ಹಳ್ಳಿಯೊಂದರ ಇಗರ್ಜಿಯ ಹಿಂದೆ, ಬೂರುಗಟ್ಟಿದ ಕಲ್ಲಿನ ಪಾಗಾರದ ಮೇಲೆ. ಚಿಕ್ಕ ಎಲೆ, ಆಳವಾದ ಸೀಳು, ಕಡು ಹಸಿರಿನ ಮೇಲೆ ಬಿಳಿ ನರಗಳ ಜಾಲ. ಚಿಗುರನ್ನು ಲೆನ್ಸಿನಡಿ ಹಿಡಿದರೆ ಬೆಳ್ಳನೆಯ ರೋಮಗಳು ಎಲ್ಲ ದಿಕ್ಕಿಗೂ ಕಡ್ಡಿ ಎತ್ತಿ ನಿಂತಿದ್ದವು. ಬ್ರಿಸ್ಟಲ್‌ನ ಮಲಗಿದ ನಕ್ಷತ್ರಗಳನ್ನು ನೋಡಿ ಬಂದ ಕಣ್ಣಿಗೆ ಇದು ಬೇರೆ ಗಿಡವೆಂದು ಯಾರೂ ಹೇಳಬೇಕಾಗಿರಲಿಲ್ಲ.

ಆ ಪಾಗಾರದ ಮೇಲೆ ಬಳ್ಳಿಯ ಒಂದು ತುಂಡನ್ನು ಮೆಲ್ಲಗೆ ಬಿಡಿಸಲು ನೋಡಿದೆ, ಬರಲಿಲ್ಲ. ಎಳೆದರೆ ಕಾಂಡ ಮುರಿಯಿತೇ ಹೊರತು ಬೇರುಗಳು ಕಲ್ಲನ್ನು ಬಿಡಲಿಲ್ಲ. ಸಣ್ಣ ಬೇರುಗಳು ಹಳದಿ ಬಣ್ಣದ ಅಂಟೊಂದನ್ನು ಸುರಿಸುತ್ತವೆ. ಅದರಲ್ಲಿರುವ ಕಣಗಳು ಮೀಟರಿನ ನೂರು ಕೋಟಿಯ ಒಂದು ಭಾಗದ ಲೆಕ್ಕದಲ್ಲಿ ಅಳೆಯುವಷ್ಟು ಸಣ್ಣವು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮಿಂಗ್‌ಜುನ್ ಜಾಂಗ್ ಅವರ ತಂಡ 2016ರಲ್ಲಿ ಅವುಗಳ ಗುಟ್ಟು ಬಿಡಿಸಿತು. ಅವು ಸಕ್ಕರೆಯ ಸರಪಳಿಗಳು ಕೂಡಿದ ಒಂದು ಬಗೆಯ ಪ್ರೋಟೀನಿನ ಗೋಳಗಳು. ಕಲ್ಲಿನ ಅತಿ ಸಣ್ಣ ಸಂದಿಗೂ ಹರಿದು, ಕ್ಯಾಲ್ಸಿಯಂ ನೆರವಿನಿಂದ ಅಲ್ಲೇ ಬಿಗಿಯುತ್ತವೆ. ಹಾಗಾದರೆ ಗೋಡೆಗೆ ಕೇಡಲ್ಲವೇ? ಆಕ್ಸ್‌ಫರ್ಡಿನ ಹೀದರ್ ವೈಲ್ಸ್ ಮತ್ತು ಸಂಗಡಿಗರು ಇಂಗ್ಲೆಂಡಿನ ಹಳೆಯ ಗೋಡೆಗಳ ಮೇಲೆ ಅಳತೆಯ ಉಪಕರಣ ಕೂರಿಸಿ ಇದನ್ನೇ ಪರೀಕ್ಷಿಸಿದ್ದಾರೆ. ಮೊದಲೇ ಬಿರುಕು ಬಿಟ್ಟ ಗೋಡೆಯೊಳಗೆ ಬೇರು ನುಗ್ಗಿದರೆ ಅಪಾಯ. ಗಟ್ಟಿಯಾದ ಗೋಡೆಗಾದರೆ ಐವಿ ಹೊದಿಕೆ. ಬೇಸಿಗೆಯ ಬಿಸಿ ಏರದಂತೆ, ಚಳಿಗಾಲದ ಉಷ್ಣತೆ ತೀರಾ ಇಳಿಯದಂತೆ ತಡೆಯುತ್ತದೆ.

ಮರಳಿ ಬ್ರಿಸ್ಟಲ್. ಭಾರತದಿಂದ ಹೋದವರು ಈ ಊರಿನಲ್ಲಿ ತಪ್ಪದೆ ನೋಡುವ ಜಾಗ ಆರ್ನೋಸ್ ವೇಲ್ ಸ್ಮಶಾನ. ಮೊಗಲ್ ದೊರೆ ಎರಡನೇ ಅಕ್ಬರನ ಪ್ರತಿನಿಧಿಯಾಗಿ ಇಂಗ್ಲೆಂಡಿಗೆ ಬಂದಿದ್ದ ರಾಜಾ ರಾಮಮೋಹನ ರಾಯರು 1833ರ ಸೆಪ್ಟೆಂಬರ್ 27ರಂದು ಬ್ರಿಸ್ಟಲ್‌ನಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ಅವರ ದೇಹವನ್ನು ಇಲ್ಲಿಗೆ ತಂದು ಸಮಾಧಿ ಮಾಡಿದರು. ಮೇಲೆ ವಿಲಿಯಂ ಪ್ರಿನ್ಸೆಪ್ ರೂಪಿಸಿದ ಛತ್ರಿ. ಶಿಲುಬೆಗಳು, ರೆಕ್ಕೆ ಮುರಿದ ಕಲ್ಲಿನ ದೇವದೂತರು, ಓರೆಯಾದ ಸಮಾಧಿಕಲ್ಲುಗಳ ನಡುವೆ ಕಂಬಗಳ ಮೇಲೆ ನಿಂತ ಆ ಹಿಂದೂಸ್ತಾನಿ ಮಂಟಪ ಕಂಡೊಡನೆ ಎದೆಯೊಳಗೆ ಏನೋ ಆಗುತ್ತದೆ. ಅಕ್ಕನ ಮಗಳು ಚಪ್ಪಲಿ ಬಿಟ್ಟು ನಿಂತಳು. ಹಾಗೆ ಮಾಡು ಎಂದು ನಾನೇನೂ ಹೇಳಿರಲಿಲ್ಲ.

1830ರ ದಶಕದಲ್ಲಿ ತೆರೆದ ಈ ಸ್ಮಶಾನ ಇಪ್ಪತ್ತನೇ ಶತಮಾನದ ಕೊನೆಯ ಹೊತ್ತಿಗೆ ಕಾಡು ಹತ್ತಿ ಮುಚ್ಚಿಹೋಗಿತ್ತು. ಊರಿನ ಜನರ ಹೋರಾಟದಿಂದ ಮತ್ತೆ ತೆರೆದುಕೊಂಡಿತು. ಮುಖ್ಯ ದಾರಿಗಳು ಈಗ ಒಪ್ಪವಾಗಿವೆ. ಮೇಲಿನ ಇಳಿಜಾರಿನಲ್ಲಿ ಮಾತ್ರ ಐವಿಯದೇ ರಾಜ್ಯ. ಹೆಸರು, ಇಸವಿ, ಶೋಕದ ಸಾಲು ಎಲ್ಲವನ್ನೂ ಅದು ಹೊದ್ದುಕೊಂಡಿದೆ. ವಿಕ್ಟೋರಿಯಾ ರಾಣಿಯ ಕಾಲದ ತೋಟಗಾರರಿಗೆ ಐರಿಷ್ ಐವಿ ಅಚ್ಚುಮೆಚ್ಚು. ಹಿಬರ್ನಿಕಾದ ಈ ತೋಟದ ತಳಿ ಅಗಲ ಎಲೆಯದು, ಬೇಗ ಹಬ್ಬಿ ನೆಲ ಮುಚ್ಚುತ್ತದೆ. ಅದನ್ನು ದೇಶದುದ್ದಕ್ಕೂ ನೆಟ್ಟರು. ಅದಕ್ಕೇ ಇಂಗ್ಲೆಂಡಿನ ಪೂರ್ವದ ಊರುಗಳಲ್ಲೂ ಇಂದು ಹಿಬರ್ನಿಕಾ ಕಂಡರೆ ಅದು ತಾನಾಗಿ ಬಂದದ್ದೋ, ಯಾವುದೋ ಕಾಲದಲ್ಲಿ ಯಾರೋ ನೆಟ್ಟದ್ದೋ ಎಂದು ಯೋಚಿಸಬೇಕಾಗುತ್ತದೆ. ಆ ಇಳಿಜಾರಿನ ಮೇಪಲ್ ಮರದ ಕಾಂಡದ ಮೇಲಿದ್ದ ಬಳ್ಳಿಯ ರೋಮ ಎದ್ದು ನಿಂತಿತ್ತು. ಅಲ್ಲಿಂದ ಕೂಗಳತೆಯಲ್ಲಿ ಒಂದು ಗೋರಿಯ ಸುತ್ತ ಹಾಸಿದ್ದರ ರೋಮ ಮಲಗಿತ್ತು. ನಡುವೆ ಎಲೆಗೆ ಎಲೆ ತಾಗಿಕೊಂಡ ಒಂದೇ ಹಸಿರು.

ನಾವು ಹೋದದ್ದು ಐವಿ ಹೂ ಬಿಡುವ ಕಾಲವಲ್ಲ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ, ಬೇರೆ ಹೂಗಳೆಲ್ಲ ಮುಗಿದ ಮೇಲೆ, ಇದರ ಹಳದಿ ಮಿಶ್ರಿತ ಹಸಿರು ಗೊಂಚಲುಗಳು ಅರಳುತ್ತವೆ. ಚಳಿಗೆ ಮುಂಚಿನ ಕೊನೆಯ ಪಂಕ್ತಿಯೂಟ ಅದು. ಕಣಜ, ನೊಣ, ಚಿಟ್ಟೆ ಎಲ್ಲಕ್ಕೂ ಅಲ್ಲಿ ಎಲೆ ಹಾಕಿದೆ. ಅದರಲ್ಲೊಂದು ಐವಿಯ ಪರಾಗವನ್ನೇ ನಂಬಿರುವ ಜೇನಿನ ಬಳಗದ ಕೀಟ. ಅದು ತನ್ನನ್ನು ಹೋಲುವ ಬೇರೆ ಜೇನುಗಳ ನಡುವೆ ಗುರುತು ಸಿಗದೆ ಉಳಿದು, ಹೊಸ ಜಾತಿಯೆಂದು ಹೆಸರು ಪಡೆದದ್ದು 1993ರಲ್ಲಿ. ಬ್ರಿಟನ್ನಿನಲ್ಲಿ ಮೊದಲು ಕಂಡದ್ದು 2001ರಲ್ಲಿ, ಡಾರ್ಸೆಟ್ ಕರಾವಳಿಯಲ್ಲಿ. ಯುರೋಪಿನಂಥ ಯುರೋಪಿನಲ್ಲಿ, ಇನ್ನೂರೈವತ್ತು ವರ್ಷ ಗಿಡ ಕೀಟಗಳನ್ನು ಎಣಿಸಿದ ಮೇಲೂ, ಮನೆಯ ಪಾಗಾರದ ಮೇಲೆ ಹೆಸರಿಲ್ಲದ ಜೀವವೊಂದು ಹಾರಾಡಿಕೊಂಡಿತ್ತು!

ಈ ಭೇದ ತಿಳಿದು ಆಗಬೇಕಾದ್ದೇನು ಎಂದು ಕೇಳುವವರಿಗೆ ಸಾಗರದಾಚೆ ಉತ್ತರವಿದೆ. ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್, ಪೋರ್ಟ್‌ಲ್ಯಾಂಡ್‌ಗಳಲ್ಲಿ ಐವಿ ದೊಡ್ಡ ಪೀಡೆ. ವಲಸೆ ಬಂದವರು ಅಂದಕ್ಕೆಂದು ತಂದು ನೆಟ್ಟದ್ದು ಕಾಡಿಗೆ ಹಬ್ಬಿ, ನೆಲದ ಗಿಡಗಳನ್ನು ಮುಚ್ಚಿ, ಮರಗಳನ್ನೇರಿ ಕೂತಿದೆ. ಶನಿವಾರ ಭಾನುವಾರ ಗುಂಪುಗೂಡಿ ಐವಿ ಕೀಳುವುದು ಅಲ್ಲಿ ರೂಢಿ. ಸಿಯಾಟಲ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ನೆಂಟರ ಹುಡುಗನೂ ಕೈಗವಸು ಹಾಕಿಕೊಂಡು ಹೋಗುತ್ತಾನೆ. ಅಲ್ಲಿನವರು ಅದನ್ನು ಬಹುಕಾಲ ಇಂಗ್ಲಿಷ್ ಐವಿ, ಅಂದರೆ ಹೀಲಿಕ್ಸ್ ಎಂದೇ ಕರೆಯುತ್ತ ಬಂದಿದ್ದರು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಾಡಿಗೆ ನುಗ್ಗಿದ ಬಳ್ಳಿಗಳ ವಂಶಾಣುಗಳನ್ನು ಪರೀಕ್ಷಿಸಿ ನೋಡಿತು. ಮಾದರಿಗಳಲ್ಲಿ ಶೇಕಡಾ 83ರಷ್ಟು ಹಿಬರ್ನಿಕಾ! ಅಟ್ಲಾಂಟಿಕ್‌ನ ತೇವದ ಗಾಳಿ, ಹಗುರ ಚಳಿಗೆ ಹುಟ್ಟಿದ ಬಳ್ಳಿಗೆ ಪೆಸಿಫಿಕ್ ಕರಾವಳಿಯ ಅಂಥದೇ ಹವೆ ತವರಾಯಿತು. ಶತ್ರುವಿನ ಹೆಸರೇ ತಪ್ಪಾಗಿದ್ದರೆ ಅದನ್ನು ತಿನ್ನುವ ಹುಳವನ್ನೋ ತಗುಲುವ ರೋಗವನ್ನೋ ಹುಡುಕುವವರು ಹುಡುಕುವುದೆಲ್ಲಿ? ಕಳೆಗಳ ಪಟ್ಟಿ ಮಾಡುವವರು ಬರೆಯುವುದೇನು? ಈಗ ಓರೆಗಾನ್ ರಾಜ್ಯದ ಹಾನಿಕಾರಕ ಕಳೆಗಳ ಪಟ್ಟಿಯಲ್ಲಿ ಎರಡೂ ಹೆಸರುಗಳಿವೆ.

ಆ ಹುಡುಗ ಕಳಿಸಿದ ಫೋಟೊಗಳನ್ನು ಅಕ್ಕನ ಮಗಳು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಬಲಿತ ಎಲೆಗಳದೇ ಚಿತ್ರ. "ಇದರಲ್ಲಿ ಏನೂ ಗೊತ್ತಾಗಲ್ಲ ಕಣೋ, ಚಿಗುರಿನ ತುದಿ ತೋರಿಸು. ರೋಮ ಮಲಗಿದ್ಯಾ ಎದ್ದಿದ್ಯಾ ನೋಡಿ ಹೇಳು" ಎಂದು ಸಂದೇಶ ಹಾಕಿದಳು.

ಕನ್ನಡನಾ‌ಡಿನಿಂದ ಇಷ್ಟು ದೂರ ಹೋಗಲಾಗದವರಿಗೆ ಹಿಮಾಲಯವಿದೆ. ಶಿಮ್ಲಾ, ಮಸ್ಸೂರಿ, ನೈನಿತಾಲ್ ಕಡೆಯ ಓಕ್ ಮತ್ತು ದೇವದಾರು ಕಾಡುಗಳಲ್ಲಿ ಬಂಡೆ, ಮರಗಳನ್ನು ತಬ್ಬಿ ಬೆಳೆಯುವ ಹೆಡೆರಾ ನೇಪಾಲೆನ್ಸಿಸ್ ನಮ್ಮ ದೇಶದ್ದೇ ಐವಿ. ಇಂಗ್ಲೆಂಡಿನ ಐವಿಯ ಹಣ್ಣು ಕಪ್ಪು, ಇದರದು ಹಳದಿಯಿಂದ ಕಿತ್ತಳೆ. ಎಳೆ ಬಳ್ಳಿಯ ಎಲೆ ನೀಳ, ಎರಡೂ ಅಂಚಿಗೆ ಹಲವು ಸೀಳುಗಳು. ಬ್ರಿಟಿಷರು ಕಟ್ಟಿದ ಗಿರಿಧಾಮಗಳಾದ್ದರಿಂದ ಅವರು ತಂದು ನೆಟ್ಟ ಐವಿಯೂ ಬಂಗಲೆಗಳ ಗೋಡೆಯ ಮೇಲೆ ಇರಬಹುದು. ಹಾಗಾಗಿ ಪರೀಕ್ಷೆ ಇಲ್ಲೂ ಬಿಡುವಂತಿಲ್ಲ. ಹಿಮಾಲಯದ ಐವಿಯ ರೋಮದ ಕಡ್ಡಿಗಳು ಬುಡದಲ್ಲಿ ಒಂದಕ್ಕೊಂದು ಬೆಸೆದುಕೊಂಡು ಕಂದು ಬಣ್ಣದ ಪುಟ್ಟ ಹುರುಪೆಗಳಾಗಿರುತ್ತವೆ. ಎದ್ದದ್ದೂ ಅಲ್ಲ, ಬಿಡಿ ಬಿಡಿಯಾಗಿ ಮಲಗಿದ್ದೂ ಅಲ್ಲ, ಮೂರನೆಯ ಬಗೆ. ಮಡಚು ಲೆನ್ಸಿಗೆ ಕೆಲವು ನೂರು ರೂಪಾಯಿಯಾದೀತು, ಅಂಗಿಯ ಜೇಬಿಗೆ ಭಾರವಲ್ಲ. ಮುಂದಿನ ಬೇಸಿಗೆಯಲ್ಲಿ ಆ ಕಡೆ ಹೋಗುವವರು ದೊಡ್ಡ ಎಲೆಗಳನ್ನು ಬಿಟ್ಟು ಅತಿ ಎಳೆಯ ಚಿಗುರಿನಿಂದ ಶುರುಮಾಡಲಿ.